ಹಿಂದುಮುಂದಿಲ್ಲದ ಹಲಗೆ

2022ರ ಫೆಬ್ರವರಿ 8ರಂದು ಬೀಜಿಂಗ್ ನಗರದ ಶೌಗಾಂಗ್ ಎಂಬ ಹಳೆಯ ಉಕ್ಕಿನ ಕಾರ್ಖಾನೆಯ ಆವರಣದಲ್ಲಿ ಚಳಿಗಾಲದ ಒಲಿಂಪಿಕ್ಸಿನ ಒಂದು ವಿಚಿತ್ರ ಸ್ಪರ್ಧೆ ನಡೆಯಿತು. ಸುತ್ತಮುತ್ತ ಪರ್ವತವಿರಲಿಲ್ಲ. ಬೆಂಕಿ ಆರಿಹೋದ ಕಾರ್ಖಾನೆಯ ದೈತ್ಯ ಶೀತಲಗೋಪುರಗಳ ಪಕ್ಕದಲ್ಲಿ ಒಂದು ಎತ್ತರದ ಇಳಿಜಾರನ್ನು ಕಟ್ಟಿ, ಅದರ ಮೇಲೆ ಯಂತ್ರದಿಂದ ತಯಾರಿಸಿದ ಹಿಮವನ್ನು ಹಾಸಲಾಗಿತ್ತು. ಚೀನಾದ ಪರವಾಗಿ ಆಡುತ್ತಿದ್ದ 18 ವರ್ಷದ ಐಲೀನ್ ಗು ಅವರಿಗೆ ಉಳಿದಿದ್ದುದು ಕೊನೆಯ ಒಂದೇ ಜಿಗಿತ. ಫ್ರಾನ್ಸಿನ ಟೆಸ್ ಲೆದ್ಯೂ ಮುಂದಿದ್ದರು. ತಾವು ಅದುವರೆಗೆ ಯಾವ ಸ್ಪರ್ಧೆಯಲ್ಲಿಯೂ ಮಾಡದಿದ್ದ ತಿರುವನ್ನು ಗು ಆಗ ಮಾಡಿದರು. ಚಿನ್ನದ ಪದಕವನ್ನು ಗೆದ್ದರು. ಆ ತಿರುವಿನ ಅಳತೆ 1620 ಡಿಗ್ರಿ.

ಏಳನೆಯ ತರಗತಿಯ ವಿದ್ಯಾರ್ಥಿಯೂ ಇಲ್ಲಿ ಒಂದು ಭಾಗಾಕಾರವನ್ನು ಮಾಡಬಹುದು. 1620ನ್ನು 360ರಿಂದ ಭಾಗಿಸಿದರೆ ನಾಲ್ಕೂವರೆ. ನಾಲ್ಕು ಸುತ್ತಿನ ಮಾತು ಹಾಗಿರಲಿ, ಆ ಅರ್ಧ ಸುತ್ತನ್ನು ಗಮನಿಸಬೇಕು. ಮುಖ ಮುಂದಾಗಿ ಹಾರಿದವಳು ಬೆನ್ನು ಮುಂದಾಗಿ ಇಳಿದಳೆಂದು ಅದರ ಅರ್ಥ. ವೇಗವಾಗಿ ಹಿಮದ ಮೇಲೆ ಹಿಮ್ಮುಖವಾಗಿ ಬಂದು ಬೀಳುವ ಕಾಲುಗಳ ಕೆಳಗೆ, ಹಿಂಭಾಗ ಚಪ್ಪಟೆಯಾದ ಹಳೆಯ ಕಾಲದ ಸ್ಕೀ ಇದ್ದಿದ್ದರೆ ಅದರ ಬಾಲ ನೇಗಿಲಿನ ಗುಳದಂತೆ ಹಿಮವನ್ನು ಅಗೆದು ಸಿಕ್ಕಿಕೊಳ್ಳುತ್ತಿತ್ತು. ಪದಕದ ಮಾತು ಆಮೇಲಿನದು. ಎದ್ದು ನಿಲ್ಲುವುದೇ ಸಂದೇಹವಾಗುತ್ತಿತ್ತು.

ಆದ್ದರಿಂದ ಈ ಆಟದ ಸ್ಕೀಗೆ ಎರಡೂ ತುದಿ ಮೇಲಕ್ಕೆ ಬಾಗಿರುತ್ತದೆ. ಮುಂದೆ ಯಾವುದು, ಹಿಂದೆ ಯಾವುದು ಎಂಬುದು ಒಮ್ಮೆಗೇ ತಿಳಿಯದು. ಇಂದು ಸಹಜವೆಂಬಂತೆ ಕಾಣುವ ಈ ರೂಪ ಮಾರುಕಟ್ಟೆಗೆ ಸರಿಯಾಗಿ ಬಂದು ಮೂರು ದಶಕವೂ ತುಂಬಿಲ್ಲ. 1990ರ ದಶಕದಲ್ಲಿ ಹಿಮದ ಮೇಲಿನ ಹೊಸ ಸಾಹಸಗಳೆಲ್ಲ ಸ್ನೋಬೋರ್ಡಿನವರ ಪಾಲಾಗಿದ್ದವು. ಉಬ್ಬುತಗ್ಗುಗಳ ಮೇಲೆ ಸ್ಕೀ ಓಡಿಸುವ ಮೋಗಲ್ ಸ್ಪರ್ಧೆಯ ನಿಯಮಗಳು ತಲೆಕೆಳಗಾದ ಪಲ್ಟಿಯನ್ನು ಒಪ್ಪುತ್ತಿರಲಿಲ್ಲ. ಆ ನಿಯಮಗಳಿಂದ ಬೇಸತ್ತ ಮೈಕ್ ಡಗ್ಲಸ್, ಜೆ.ಪಿ. ಓಕ್ಲೇರ್ ಮೊದಲಾದ ಕೆನಡಾದ ಕೆಲವರು ತಮಗೆ ಬೇಕಾದ ಸ್ಕೀಯ ಕಲ್ಪನೆಯನ್ನು ಹಿಡಿದು ತಯಾರಕರ ಬಾಗಿಲು ತಟ್ಟಿದರು. ಕೊನೆಗೆ ಫ್ರಾನ್ಸಿನ ಸಾಲೊಮನ್ ಸಂಸ್ಥೆ ಒಪ್ಪಿತು. 1998ರಲ್ಲಿ ಹೊರಬಂದ ಆ ಸ್ಕೀಗೆ ಟೆನ್‌ಎಯ್ಟಿ ಎಂದೇ ಹೆಸರು; ಅಂದರೆ 1080, ಮೂರು ಪೂರ್ಣ ಸುತ್ತು. ಅಮೆರಿಕದಲ್ಲಿ ಜೇಸನ್ ಲೆವಿಂಥಾಲ್ ಕಟ್ಟಿದ ಲೈನ್ ಎಂಬ ಸಣ್ಣ ಸಂಸ್ಥೆಯೂ ಅದೇ ಕಾಲದಲ್ಲಿ ಅದೇ ದಾರಿಯಲ್ಲಿತ್ತು. ಆಡುವವರು ಕೇಳಿದುದನ್ನು ಮಾಡುವವರು ಕಿವಿಗೆ ಹಾಕಿಕೊಂಡ ಅಪರೂಪದ ಪ್ರಸಂಗ ಇದು.

ಇಂಥ ಸ್ಕೀಗಳು ಆಡುವ ಸ್ಥಳಕ್ಕೆ ಟೆರೇನ್ ಪಾರ್ಕ್ ಎನ್ನುತ್ತಾರೆ. ಪರ್ವತದ ಒಂದು ಪಾರ್ಶ್ವವನ್ನು ಯಂತ್ರಗಳಿಂದ ಕೆತ್ತಿ, ಅಲ್ಲಲ್ಲಿ ಜಿಗಿತದ ದಿಬ್ಬಗಳನ್ನು ಎಬ್ಬಿಸಿ, ನಡುನಡುವೆ ಉಕ್ಕಿನ ಕಂಬಿಗಳನ್ನೂ ಪ್ಲಾಸ್ಟಿಕ್ ಹೊದಿಸಿದ ಪೆಟ್ಟಿಗೆಗಳನ್ನೂ ನೆಟ್ಟಿರುತ್ತಾರೆ. ಮೆಟ್ಟಿಲ ಪಕ್ಕದ ಕೈಕಂಬಿಯ ಮೇಲೆ ಜಾರುವ ಹುಡುಗರನ್ನು ನೆನೆದರೆ ಕಂಬಿಯ ಆಟ ಅರ್ಥವಾಗುತ್ತದೆ. ವ್ಯತ್ಯಾಸವೆಂದರೆ ಇಲ್ಲಿ ಅಡ್ಡಲಾಗಿ ನಿಂತು, ಪಾದದ ಕೆಳಗಿನ ಸ್ಕೀಯ ನಡುಭಾಗವನ್ನು ಕಂಬಿಗೆ ತಾಗಿಸಿ ಜಾರಬೇಕು. ಕಾಸರಗೋಡಿನ ಕಡೆ ಅಡಕೆಯ ಹಾಳೆಯ ಮೇಲೆ ಕುಳಿತು ಗುಡ್ಡ ಜಾರಿದ ಮಕ್ಕಳಿಗೆ ಜಾರುವಿಕೆಯ ಮೊದಲ ಪಾಠ ಆಗಿಯೇ ಇದೆ: ಹಾಳೆ ನುಣುಪಾಗಿದ್ದಷ್ಟೂ ಓಟ ಜೋರು, ಒಂದು ಕಲ್ಲು ತಾಗಿದರೆ ಹಾಳೆ ಅಲ್ಲೇ, ಕುಳಿತವನು ಮುಂದೆ.

ಕಂಬಿಯೂ ದಿಬ್ಬವೂ ಸ್ಕೀಯಿಂದ ಬೇಡುವುದು ಬೇರೆ ಬೇರೆ ಗುಣಗಳನ್ನು. ಆಯ್ಕೆಯ ತೊಡಕೆಲ್ಲ ಹುಟ್ಟುವುದು ಇಲ್ಲಿಂದಲೇ. ಕಂಬಿಗೆ ಬಳುಕುವ, ಹಗುರವಾದ, ಅಂಚು ಮೊಂಡಾದ ಸ್ಕೀ ಹಿತ. ದೊಡ್ಡ ದಿಬ್ಬಕ್ಕೆ ಬಿಗಿಯಾದ, ತುಸು ಉದ್ದವಾದ, ಅಲುಗಾಡದ ಸ್ಕೀ ಹಿತ. ಬಿಗ್ ಏರ್ ಎಂಬ ಸ್ಪರ್ಧೆಯಲ್ಲಿ ಬರಿಯ ಜಿಗಿತವಿರುವುದರಿಂದ ಅಲ್ಲಿ ಸಂದಿಗ್ಧವಿಲ್ಲ. ಆದರೆ 2014ರ ಸೋಚಿ ಒಲಿಂಪಿಕ್ಸಿನಲ್ಲಿ ಮೊದಲ ಬಾರಿ ಸೇರಿದ ಸ್ಲೋಪ್‌ಸ್ಟೈಲಿನಲ್ಲಿ ಒಂದೇ ಓಟದಲ್ಲಿ ಕಂಬಿಗಳನ್ನೂ ದಿಬ್ಬಗಳನ್ನೂ ದಾಟಬೇಕು; ನಡುವೆ ಸ್ಕೀ ಬದಲಿಸುವ ಅವಕಾಶವಿಲ್ಲ. ಅಂದು ಪುರುಷರ ವಿಭಾಗದ ಮೂರೂ ಪದಕಗಳನ್ನು ಪಡೆದ ಅಮೆರಿಕದ ಜಾಸ್ ಕ್ರಿಸ್ಟೆನ್‌ಸನ್, ಗಸ್ ಕೆನ್ವರ್ದಿ, ನಿಕ್ ಗೆಪರ್ ಮೂವರೂ ಒಂದೊಂದೇ ಜೊತೆ ಸ್ಕೀಯಿಂದ ಎರಡೂ ಕೆಲಸವನ್ನು ಮಾಡಿಸಿಕೊಂಡವರೇ. ವಿಸ್ಲರಿನಲ್ಲಿಯೋ ಪಾರ್ಕ್ ಸಿಟಿಯಲ್ಲಿಯೋ ಮಗನನ್ನು ಕರೆದುಕೊಂಡು ಅಂಗಡಿಗೆ ಬರುವ ತಾಯಿಯ ಮುಂದಿರುವ ಪ್ರಶ್ನೆಯೂ ಇದೇ.

ಉದ್ದದ ವಿಷಯವನ್ನು ಮೊದಲು ನೋಡಬಹುದು. ಜೂನ್ ತಿಂಗಳಲ್ಲಿ ಶಾಲೆಯ ಸಮವಸ್ತ್ರವನ್ನು ಒಂದು ಅಳತೆ ದೊಡ್ಡದಾಗಿಯೇ ಹೊಲಿಸುವುದು ನಮ್ಮ ಮನೆಗಳ ಜಾಣತನ. ಮಡಿಕೆ ಬಿಚ್ಚಿದರೆ ಮುಂದಿನ ವರ್ಷಕ್ಕೂ ಬಂತು. ಹಿಮದ ಊರುಗಳ ತಂದೆತಾಯಿಗಳಿಗೂ ಇದೇ ಆಸೆ ಬರುತ್ತದೆ. ಆದರೆ ಸ್ಕೀಗೆ ಮಡಿಕೆಯಿಲ್ಲ. ಕಲಿಯುವ ಹುಡುಗನಿಗೆ ನಿಲ್ಲಿಸಿದ ಸ್ಕೀಯ ತುದಿ ಗಲ್ಲದಿಂದ ಮೂಗಿನವರೆಗೆ ಬಂದರೆ ಸಾಕು. ದೊಡ್ಡ ದಿಬ್ಬಗಳನ್ನು ಹಾರಬಲ್ಲವನಿಗೆ ಹಣೆಯಿಂದ ನೆತ್ತಿಯವರೆಗೆ. ಅದಕ್ಕಿಂತ ಉದ್ದವಾದುದು ಗಾಳಿಯಲ್ಲಿ ತಿರುಗಲು ಒಪ್ಪುವುದಿಲ್ಲ, ಕಂಬಿಯ ಮೇಲೆ ಒಂದಕ್ಕೊಂದು ತೊಡರಿಕೊಳ್ಳುತ್ತದೆ. ಬೆಳೆಯುವ ಮಕ್ಕಳಿಗಾಗಿ ಇಡೀ ಋತುವಿಗೆ ಬಾಡಿಗೆಗೆ ಕೊಡುವ ಅಂಗಡಿಗಳು ಅಲ್ಲಿನ ಊರುಗಳಲ್ಲಿವೆ. ಕೊಳ್ಳುವುದಕ್ಕಿಂತ ಅದು ವಿವೇಕದ ದಾರಿ. ಅಗಲದ ಬಗ್ಗೆ ಹೆಚ್ಚು ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಪಾದದ ಕೆಳಗೆ 80ರಿಂದ 95 ಮಿಲಿಮೀಟರಿನೊಳಗೆ ಇದ್ದರೆ ಪಾರ್ಕಿಗೆ ಒಪ್ಪುತ್ತದೆ.

ತೂಕದಲ್ಲಿ ಒಂದು ಸೂಕ್ಷ್ಮವಿದೆ, ಅಂಗಡಿಯ ತಕ್ಕಡಿಗೆ ಅದು ಸಿಕ್ಕುವುದಿಲ್ಲ. ತಿರುಗುವ ವಸ್ತುವಿನಲ್ಲಿ ಎಷ್ಟು ತೂಕವಿದೆ ಎಂಬುದರ ಜೊತೆಗೆ ಆ ತೂಕ ನಡುವಿನಿಂದ ಎಷ್ಟು ದೂರದಲ್ಲಿದೆ ಎಂಬುದೂ ಲೆಕ್ಕಕ್ಕೆ ಬರುತ್ತದೆ. ಅದೂ ದೂರದ ವರ್ಗದ ಪ್ರಮಾಣದಲ್ಲಿ. ನಡುವಿನಿಂದ 10 ಸೆಂಟಿಮೀಟರ್ ದೂರದಲ್ಲಿರುವ 100 ಗ್ರಾಮಿಗೂ 85 ಸೆಂಟಿಮೀಟರ್ ದೂರದ ತುದಿಯಲ್ಲಿರುವ 100 ಗ್ರಾಮಿಗೂ ತಕ್ಕಡಿಯಲ್ಲಿ ಭೇದವಿಲ್ಲ. ಗಾಳಿಯಲ್ಲಿ ತಿರುಗಿಸುವಾಗ ಮಾತ್ರ ಎರಡನೆಯದು ಮೊದಲನೆಯದಕ್ಕಿಂತ ಸುಮಾರು 72 ಪಟ್ಟು ಹೆಚ್ಚು ಜಡತ್ವವನ್ನು ಒಡ್ಡುತ್ತದೆ. ತುದಿಗೆ ಕಬ್ಬಿಣದ ಕುಣಿಕೆ ಹಾಕಿದ ಕೋಲನ್ನು ಬೀಸಿ ನೋಡಿದವರಿಗೆ ಸೂತ್ರ ಬೇಕಾಗದು. ಆದ್ದರಿಂದಲೇ ಒಳ್ಳೆಯ ತಯಾರಕರು ತುದಿಗಳನ್ನು ತೆಳುವಾಗಿಸಿ, ಗಟ್ಟಿತನವನ್ನೆಲ್ಲ ಪಾದದ ಕೆಳಗೆ ಇರಿಸುತ್ತಾರೆ. ಒಳಗಿನ ತಿರುಳು ಹೆಚ್ಚಾಗಿ ಮರವೇ: ಪಾಪ್ಲರ್, ಆಸ್ಪೆನ್, ಮೇಪಲ್, ಕೆಲವೊಮ್ಮೆ ಬಿದಿರು. ಎಷ್ಟೋ ಕೃತಕ ವಸ್ತುಗಳು ಬಂದ ಮೇಲೂ ಬಳುಕಿ ಮತ್ತೆ ನೆಟ್ಟಗಾಗುವ ವಿದ್ಯೆಯಲ್ಲಿ ಮರ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ.

ಬಳುಕಿನ ವಿಚಾರ ಆಡುವವನ ದೇಹಕ್ಕೆ ಸೇರಿದ್ದು. 40 ಕಿಲೋ ತೂಗುವ ಹುಡುಗಿಗೆ ಬಿಗಿಯೆನಿಸಿದ ಸ್ಕೀ 80 ಕಿಲೋ ತೂಗುವವನಿಗೆ ಮೆದುವೆನಿಸುತ್ತದೆ. ಪೆಟ್ಟಿಗೆಯ ಮೇಲೆ ಬರೆದ ಅಂಕೆಗಳನ್ನು ನಂಬಿ ಪ್ರಯೋಜನವಿಲ್ಲ. ನೆಲದ ಮೇಲಿಟ್ಟಾಗ ನಡು ಬಿಲ್ಲಿನಂತೆ ಮೇಲೆದ್ದಿರುವ ಸ್ಕೀ ಜಿಗಿಯುವಾಗ ಕಾಲನ್ನು ಚಿಮ್ಮಿಸಿ ಕಳಿಸುತ್ತದೆ, ಇಳಿದಾಗ ಅಂಚಿನುದ್ದಕ್ಕೂ ಹಿಮವನ್ನು ಹಿಡಿಯುತ್ತದೆ. ನಡು ಚಪ್ಪಟೆಯಾಗಿ ತುದಿಗಳು ಬೇಗನೆ ಮೇಲೆದ್ದದ್ದು ಕಂಬಿಯ ಮೇಲೆ ಸಲೀಸು, ಆದರೆ ಗಟ್ಟಿ ಹಿಮದ ಮೇಲೆ ಸ್ವಲ್ಪ ಜಾರುಬುದ್ಧಿಯದು. ಎರಡೂ ಬೇಕೆನ್ನುವವರು ನಡುವಿನಲ್ಲಿ ಬಿಲ್ಲಿನ ಬಾಗನ್ನು ಉಳಿಸಿ ತುದಿಗಳನ್ನು ಮಾತ್ರ ಸಡಿಲಿಸಿದ ಮಿಶ್ರರೂಪವನ್ನು ಆರಿಸಿಕೊಳ್ಳುತ್ತಾರೆ. ಮೊದಲ ಜೊತೆಯಾಗಿ ಅದೇ ಉತ್ತಮ.

ಇಷ್ಟೆಲ್ಲ ಹೇಳಿದ ಮೇಲೂ ಅಪಾಯ ಕುಳಿತಿರುವ ಜಾಗ ಬೇರೆ. ಅದು ಅಂಚು.

ಸ್ಕೀಯ ತಳದ ಎರಡೂ ಬದಿಗೆ ತೆಳುವಾದ ಉಕ್ಕಿನ ಪಟ್ಟಿಯನ್ನು ಕೂರಿಸಿರುತ್ತಾರೆ. ಹಿಮವನ್ನು ಕಚ್ಚಿ ಹಿಡಿದು ದಿಕ್ಕು ತಿರುಗಿಸುವುದು ಈ ಅಂಚೇ. ಸಾಮಾನ್ಯ ಸ್ಕೀಯಲ್ಲಿ ಅದು ಚೂಪಾಗಿದ್ದಷ್ಟೂ ಒಳ್ಳೆಯದು. ಕಂಬಿಯ ಮೇಲೆ ಇದು ತಿರುವುಮುರುವಾಗುತ್ತದೆ. ಸಾವಿರ ಜನ ಜಾರಿದ ಉಕ್ಕಿನ ಕಂಬಿಯ ಮೈಮೇಲೆ ಕಣ್ಣಿಗೆ ಕಾಣದ ಮುಳ್ಳುಗಳು ಎದ್ದಿರುತ್ತವೆ. ಚೂಪಾದ ಅಂಚು ಅಂಥದೊಂದಕ್ಕೆ ಸಿಕ್ಕಿಕೊಂಡರೆ ಸ್ಕೀ ನಿಲ್ಲುತ್ತದೆ, ದೇಹ ನಿಲ್ಲುವುದಿಲ್ಲ. ಹಾಳೆಗೆ ಕಲ್ಲು ತಾಗಿದ ಕಥೆಯೇ. ಇಲ್ಲಿ ಬೀಳುವುದು ಮಾತ್ರ ಉಕ್ಕಿನ ಮೇಲೆ. ಆದ್ದರಿಂದ ಕಂಬಿಯಾಟದವರು ಹೊಸ ಸ್ಕೀಯನ್ನು ಮನೆಗೆ ತಂದ ದಿನವೇ ಅರ ಹಿಡಿದು ಕೂರುತ್ತಾರೆ. ಪಾದದ ಕೆಳಗಿನ ಭಾಗದ ಅಂಚನ್ನು ಉಜ್ಜಿ ಉರುಟುಗೊಳಿಸುತ್ತಾರೆ. ದುಡ್ಡು ಕೊಟ್ಟು ತಂದ ಹೊಸ ವಸ್ತುವಿನ ಮೊನೆಯನ್ನು ಕೈಯಾರೆ ಕೆಡಿಸುವ ಈ ಕೆಲಸ ನೋಡುವವರಿಗೆ ಹುಚ್ಚೆನಿಸಬಹುದು. ಪಾರ್ಕಿನ ಸ್ಕೀಗಳಿಗೆ ಅಂಚಿನ ಉಕ್ಕನ್ನೂ ದಪ್ಪವಾಗಿಯೇ, ಸುಮಾರು ಎರಡೂವರೆ ಮಿಲಿಮೀಟರಿನಷ್ಟು, ಇಟ್ಟಿರುತ್ತಾರೆ. ಏಕೆಂದರೆ ಕಂಬಿಯ ಏಟಿಗೆ ತೆಳು ಅಂಚು ಬೇಗ ಬಿರಿಯುತ್ತದೆ.

ಹಾಗಾದರೆ ಅಂಚನ್ನು ಪೂರ್ತಿ ಮೊಂಡು ಮಾಡಿಬಿಡಬಹುದಲ್ಲವೆ? ಆಗದು. ರಾತ್ರಿಯ ಚಳಿಗೆ ಗಾಜಿನಂತಾದ ಬೆಳಗಿನ ಹಿಮದ ಮೇಲೆ ದಿಬ್ಬದ ಕಡೆಗೆ ಓಡುವಾಗ ಅಂಚು ಹಿಡಿಯದಿದ್ದರೆ, ಹಾರುವ ಮೊದಲೇ ದಿಕ್ಕು ತಪ್ಪುತ್ತದೆ. ಹಾಫ್‌ಪೈಪ್ ಎಂಬ ಇನ್ನೊಂದು ಸ್ಪರ್ಧೆ ಇದೆ: ಸೀಳಿದ ಕೊಳವೆಯ ಆಕಾರದ ಹಿಮದ ಕಾಲುವೆ, ಎರಡೂ ಕಡೆ ಸುಮಾರು 6.7 ಮೀಟರ್ ಎತ್ತರದ ಗೋಡೆ. ಆ ಗೋಡೆಯನ್ನು ಏರುವವನಿಗೆ ಚೂಪಾದ ಅಂಚು ಪ್ರಾಣದಷ್ಟೇ ಮುಖ್ಯ. ಕಂಬಿಗಾಗಿ ಉಜ್ಜಿದ ಸ್ಕೀಯಿಂದ ಕೊಳವೆಗೆ ಇಳಿಯುವುದು, ಕೊಳವೆಗಾಗಿ ಮಸೆದ ಸ್ಕೀಯಿಂದ ಕಂಬಿ ಏರುವುದು, ಎರಡೂ ಕೇಡೇ. ಎಲ್ಲಕ್ಕೂ ಒಂದೇ ಎಂದು ಮಾರುವವರ ಮಾತನ್ನು ಇಲ್ಲಿ ಮಾತ್ರ ನಂಬಬಾರದು.

ಈ ಕೊಳವೆಯ ಹೆಸರು ಬಂದಾಗ ಸಾರಾ ಬರ್ಕ್ ನೆನಪಾಗುತ್ತಾರೆ. ಕೆನಡಾದ ಈಕೆ ಎಕ್ಸ್ ಗೇಮ್ಸಿನಲ್ಲಿ ಇದೇ ಸ್ಪರ್ಧೆಯ ಚಿನ್ನವನ್ನು ನಾಲ್ಕು ಬಾರಿ ಗೆದ್ದವರು. ಹೆಣ್ಣುಮಕ್ಕಳಿಗೆ ಸಮನಾದ ಸ್ಪರ್ಧೆ ಬೇಕೆಂದೂ, ಹಾಫ್‌ಪೈಪ್ ಸ್ಕೀಯಿಂಗ್ ಒಲಿಂಪಿಕ್ಸಿಗೆ ಸೇರಬೇಕೆಂದೂ ವರ್ಷಗಟ್ಟಲೆ ಒತ್ತಾಯಿಸಿದವರು. 2011ರಲ್ಲಿ ಒಲಿಂಪಿಕ್ ಸಮಿತಿ ಒಪ್ಪಿತು. 2012ರ ಜನವರಿ 10ರಂದು ಅಮೆರಿಕದ ಪಾರ್ಕ್ ಸಿಟಿಯಲ್ಲಿ ಅಭ್ಯಾಸ ಮಾಡುತ್ತಿದ್ದಾಗ ಬಿದ್ದು, ಒಂಬತ್ತು ದಿನಗಳ ಬಳಿಕ, 29ನೆಯ ವಯಸ್ಸಿನಲ್ಲಿ ತೀರಿಕೊಂಡರು. ತಾವು ಬಾಗಿಲು ತೆರೆಸಿದ ಸೋಚಿಯ ಅಂಗಳವನ್ನು ಅವರು ಕಾಣಲಿಲ್ಲ. ಜಗತ್ತಿನಲ್ಲಿ ಅತ್ಯಂತ ನುರಿತವರಲ್ಲಿ ಒಬ್ಬರಾದ ಅವರಿಗೇ ಹೀಗಾಯಿತೆಂಬುದನ್ನು ಮರೆತು, ಸ್ಕೀಯ ಆಯ್ಕೆಯನ್ನು ಬಣ್ಣದ ಆಯ್ಕೆಯೆಂದು ಯಾರೂ ತಿಳಿಯುವಂತಿಲ್ಲ.

ಜಿಗಿತದ ಲೆಕ್ಕವೂ ಶಾಲೆಯ ಭೌತವಿಜ್ಞಾನದ ಪುಸ್ತಕದಲ್ಲೇ ಇದೆ. 3 ಮೀಟರ್ ಎತ್ತರದಿಂದ ಸಮತಟ್ಟಾದ ನೆಲಕ್ಕೆ ಬಿದ್ದವನು ನೆಲ ಮುಟ್ಟುವಾಗ ಕೆಳಮುಖವಾಗಿ ಸೆಕೆಂಡಿಗೆ ಸುಮಾರು 7.7 ಮೀಟರ್ ವೇಗದಲ್ಲಿರುತ್ತಾನೆ. ಗಂಟೆಗೆ ಲೆಕ್ಕ ಹಾಕಿದರೆ 28 ಕಿಲೋಮೀಟರಿನ ಹತ್ತಿರ. ಅದನ್ನೆಲ್ಲ ಮೊಣಕಾಲೇ ನುಂಗಬೇಕು. ಆದರೆ ಬೀಳುವ ನೆಲವೂ ಹಾರಿದವನ ದಾರಿಯಂತೆಯೇ ಇಳಿಜಾರಾಗಿದ್ದರೆ, ನೆಲಕ್ಕೆ ಲಂಬವಾದ ವೇಗದ ಭಾಗ ಬಹಳ ಕಡಿಮೆಯಾಗುತ್ತದೆ. ಉಳಿದದ್ದು ಓಟವಾಗಿ ಮುಂದುವರಿಯುತ್ತದೆ. ಹತ್ತಿಪ್ಪತ್ತು ಮೀಟರ್ ಹಾರಿದವರು ನಗುತ್ತ ಮುಂದೆ ಸಾಗುವ ಗುಟ್ಟು ಇಷ್ಟೆ. ದಿಬ್ಬಕ್ಕೂ ಇಳಿಜಾರಿಗೂ ನಡುವೆ ಸಮತಟ್ಟಾದ ಒಂದು ಹಾಸು ಇರುತ್ತದೆ. ವೇಗ ಸಾಲದೆ ಅದರ ಮೇಲೆ ಬಿದ್ದವರಿಗೆ ಯಾವ ಸ್ಕೀಯೂ ಆಸರೆಯಾಗದು. ತಳಕ್ಕೆ ಮೇಣ ಬಳಿಯುವ ಕೆಲಸಕ್ಕೆ ಬೆಲೆ ಬರುವುದು ಇಲ್ಲಿ: ಗಾಡಿಯ ಅಚ್ಚಿಗೆ ಕೀಲೆಣ್ಣೆ ಇದ್ದಂತೆ ಸ್ಕೀಯ ತಳಕ್ಕೆ ಮೇಣ. ಅದಿಲ್ಲದೆ ಒಣಗಿದ ತಳ ನಿನ್ನೆ ಮುಟ್ಟಿದ ವೇಗವನ್ನು ಇಂದು ಮುಟ್ಟುವುದಿಲ್ಲ, ಹುಡುಗ ಮಾತ್ರ ನಿನ್ನೆಯ ಅಂದಾಜಿನಲ್ಲೇ ಹಾರುತ್ತಾನೆ.

ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಎಂಬ ಕಟ್ಟಿನದು ಎರಡು ವಿರುದ್ಧ ಕರ್ತವ್ಯ. ಬೇಡವಾದಾಗ ಬಿಡಬಾರದು, ಬೇಕಾದಾಗ ಬಿಡಲೇಬೇಕು. ಬಿದ್ದವನ ಕಾಲು ತಿರುಚಿಕೊಳ್ಳುವ ಮೊದಲು ಅದು ಕಳಚದಿದ್ದರೆ ಮುರಿಯುವುದು ಎಲುಬು, ಹರಿಯುವುದು ಮೊಣಕಾಲಿನ ಸ್ನಾಯುಬಂಧ. ಎಷ್ಟು ಬಲಕ್ಕೆ ಕಳಚಬೇಕೆಂಬುದನ್ನು ಅಂತರರಾಷ್ಟ್ರೀಯ ಮಾನಕದ ಕೋಷ್ಟಕವೊಂದು ಹೇಳುತ್ತದೆ. ತೂಕ, ಎತ್ತರ, ವಯಸ್ಸು, ಬೂಟಿನ ಅಡಿಯ ಉದ್ದ, ಆಡುವ ರೀತಿ ಇಷ್ಟನ್ನೂ ತಿಳಿದು ನುರಿತ ಕೆಲಸಗಾರನು ತಿರುಪನ್ನು ಅದಕ್ಕೆ ಹೊಂದಿಸುತ್ತಾನೆ. ಗಾಳಿಯಲ್ಲಿ ಸ್ಕೀ ಕಳಚಿ ಹೋದೀತೆಂಬ ಭಯದಿಂದ ಪಾರ್ಕಿನ ಹುಡುಗರು ಆ ತಿರುಪನ್ನು ತಾವೇ ಬಿಗಿಮಾಡಿಕೊಳ್ಳುವುದುಂಟು. ಗೆಳೆಯನ ಅಂಕೆ ಎಂಟೆಂದು ತನ್ನದನ್ನೂ ಎಂಟು ಮಾಡಿಕೊಳ್ಳುವುದು ಗೆಳೆಯನ ಕನ್ನಡಕವನ್ನು ಹಾಕಿಕೊಂಡಂತೆ. ಹಣ ಕಡಿಮೆಯಿದ್ದರೆ ಸ್ಕೀಯನ್ನು ಹಳೆಯದಾಗಿ ಕೊಳ್ಳಬಹುದು, ಬೈಂಡಿಂಗ್ ಮತ್ತು ಹೆಲ್ಮೆಟ್ಟಿನಲ್ಲಿ ಉಳಿತಾಯ ಸಲ್ಲದು.

ಹಳೆಯದನ್ನು ಕೊಳ್ಳುವವರು ನೋಡುವ ಕ್ರಮ ಹಳೆಯ ಪಾತ್ರೆಯನ್ನು ಪರೀಕ್ಷಿಸುವಂತೆಯೇ. ಅಂಚಿನ ಮೇಲೆ ಅಡ್ಡಡ್ಡ ಕೂದಲೆಳೆಯ ಬಿರುಕುಗಳಿದ್ದರೆ ಗಾಬರಿ ಬೇಡ. ಕಂಬಿ ಏರಿದ ಸ್ಕೀಗೆ ಅದು ಸಹಜ. ಅಂಚು ತಳದಿಂದ ಎದ್ದು ಹೊರಬಂದಿದ್ದರೆ ಮಾತ್ರ ಅದನ್ನು ಅಲ್ಲೇ ಬಿಡುವುದು ಒಳ್ಳೆಯದು. ತಳದ ಗೀರು ಒಳಗಿನ ಮರದವರೆಗೆ ಇಳಿದಿದ್ದರೆ ಕರಗಿದ ಹಿಮದ ನೀರು ಅದರೊಳಗೆ ಸೇರಿ ತಿರುಳನ್ನು ಕೊಳೆಸುತ್ತದೆ. ಎರಡು ಸ್ಕೀಗಳ ತಳಗಳನ್ನು ಒಂದಕ್ಕೊಂದು ಒತ್ತಿ ಹಿಡಿದು ನೋಡಿದರೆ ಯಾವುದಾದರೂ ಸೊಟ್ಟಗಾಗಿದ್ದರೆ ತಿಳಿಯುತ್ತದೆ.

ಭಾರತದಲ್ಲಿ ಸ್ಕೀ ಎಂದೊಡನೆ ನೆನಪಾಗುವ ಗುಲ್ಮಾರ್ಗ್ ಕೆತ್ತಿದ ಪಾರ್ಕಿಗಲ್ಲ, ಆಳವಾದ ಹೊಸ ಹಿಮಕ್ಕೆ ಹೆಸರಾದುದು. ಅಲ್ಲಿ ಇನ್ನೂ ಅಗಲವಾದ ಸ್ಕೀ ಬೇಕು. ಪಾರ್ಕಿನ ಸ್ಕೀ ಆ ಹಿಮದಲ್ಲಿ ಮೂಗು ಮುಳುಗಿಸುತ್ತದೆ. ಕೊಡಗಿನ ಭವಾನಿ ತೆಕ್ಕಡ ನಂಜುಂಡ ಕ್ರಾಸ್‌ಕಂಟ್ರಿ ಸ್ಕೀಯಿಂಗಿನಲ್ಲಿ ಭಾರತವನ್ನು ಪ್ರತಿನಿಧಿಸಿದವರು. ಅವರು ತೊಡುವ ಸ್ಕೀ ಕಿರಿದು, ಹಗುರ, ಹಿಮ್ಮಡಿ ಬಿಡುವಾಗಿ ಮೇಲೇಳುವಂಥದು. ಅದನ್ನು ಕಂಬಿಯ ಮೇಲೆ ಇಟ್ಟರೆ ಉಳಿಯದು. ಸ್ಕೀ ಎಂಬುದು ಒಂದು ವಸ್ತುವಿನ ಹೆಸರಲ್ಲ, ಕುಲದ ಹೆಸರು. ಕತ್ತಿ ಎಂದರೆ ಮೆಟ್ಟುಗತ್ತಿಯೂ ಹೌದು, ಕ್ಷೌರದ ಕತ್ತಿಯೂ ಹೌದಲ್ಲವೆ.

ಕೊನೆಗೆ ಉಳಿಯುವುದು ಬೈಂಡಿಂಗನ್ನು ಎಲ್ಲಿ ಕೂರಿಸಬೇಕೆಂಬುದು. ಸಾಮಾನ್ಯ ಸ್ಕೀಯಲ್ಲಿ ಅದು ನಡುವಿನಿಂದ ಆರರಿಂದ ಹತ್ತು ಸೆಂಟಿಮೀಟರಿನಷ್ಟು ಹಿಂದಿರುತ್ತದೆ. ಪಾರ್ಕಿನಲ್ಲಿ ಸರಿಯಾಗಿ ನಡುವಿಗೆ, ಇಲ್ಲವೆ ಒಂದೆರಡು ಸೆಂಟಿಮೀಟರ್ ಮಾತ್ರ ಹಿಂದಕ್ಕೆ ತರುತ್ತಾರೆ. ನಡುವಿಗೆ ಬಂದಷ್ಟೂ ತಿರುಗುವುದು ಸಲೀಸು, ಹಿಮ್ಮುಖ ಇಳಿಯುವುದು ನಿರಾತಂಕ. ಹಿಂದಕ್ಕೆ ಹೋದಷ್ಟೂ ವೇಗದಲ್ಲಿ ನೆಮ್ಮದಿ, ಪಾರ್ಕಿನ ಹೊರಗೆ ಬೆಟ್ಟವೆಲ್ಲ ಸುತ್ತಲು ಅನುಕೂಲ. ವಾರದ ಹೆಚ್ಚು ಸಮಯ ಕಂಬಿಯ ಹತ್ತಿರ ಕಳೆಯುವವನು ನಡುವನ್ನೇ ಆರಿಸಲಿ. ಮನೆಯವರೊಡನೆ ಇಡೀ ಬೆಟ್ಟ ಇಳಿಯುವವನು ಎರಡು ಮೂರು ಸೆಂಟಿಮೀಟರ್ ಬಿಟ್ಟುಕೊಡಲಿ. ತೀರ್ಮಾನವಾದ ಮೇಲೆ ಕೆಲಸಗಾರನು ಸ್ಕೀಯನ್ನು ಮೇಜಿನ ಮೇಲೆ ಬಿಗಿದು, ನಡುವಿನ ಗೆರೆಯನ್ನು ಗುರುತಿಸಿ, ಹುಡುಗನ ಬೂಟನ್ನು ಅದರ ಮೇಲಿಟ್ಟು ಅಳೆಯುತ್ತಾನೆ. ಬೂಟನ್ನು ತೆಗೆದು ಮತ್ತೊಮ್ಮೆ ಅಳೆಯುತ್ತಾನೆ. ತೂತು ಕೊರೆದ ಮೇಲೆ ಅದನ್ನು ಪಕ್ಕಕ್ಕೆ ಸರಿಸಲಾಗದು. ಆಮೇಲೆ ಬೈರಿಗೆಯನ್ನು ಕೈಗೆ ತೆಗೆದುಕೊಂಡು, ಹುಡುಗನ ಮುಖವನ್ನೊಮ್ಮೆ ನೋಡಿ, ಇಲ್ಲೇ ತಾನೆ ಎಂದು ಕೇಳುತ್ತಾನೆ.